ಬೈಕುಲ್ಲಾದಲ್ಲಿ ಅರ್ಧ ಗಂಟೆಯ ಮದುವೆ

ಮೇ ತಿಂಗಳ ಕೊನೆಯ ಸೋಮವಾರ, ೧೯೭೬ನೆಯ ಇಸವಿ. ಮಧ್ಯಾಹ್ನದ ಬಿಸಿಲಿನಲ್ಲಿ ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ಮೀಟರ್‌ಗೇಜ್ ಗಾಡಿ ಹತ್ತಿದೆ. ನಾನು ಕಲಿಸುವ ಶಾಲೆಗೆ ರಜೆ ಇತ್ತು. ಟ್ರಂಕಿನಲ್ಲಿ ಒಂದು ಇಳಕಲ್ ಸೀರೆ, ನಮ್ಮೂರಿನ ಎರಡು ಕುಪ್ಪಸದ ಖಣ, ಐವತ್ತು ಸಜ್ಜೆ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಮುಂಬಯಿಯಲ್ಲಿರುವ ನನ್ನ ತಂಗಿ ಗಂಗವ್ವನ ಮಗಳು ನೀಲವ್ವನಿಗೆ ಗುರುವಾರ ಮದುವೆ. ಸೋದರಮಾವನಿಲ್ಲದೆ ಮದುವೆ ಹೇಗೆ ಆದೀತು? ನಲವತ್ತೆಂಟು ವರ್ಷ ವಿಜಾಪುರದಾಚೆ ಹೋಗದ ನಾನು ಹೀಗೆ ಹೊರಟೆ.

ಸೊಲ್ಲಾಪುರದಲ್ಲಿ ಗಾಡಿ ಬದಲಿಸಿದೆ. ಬೆಳಿಗ್ಗೆ ಕಣ್ಣು ಬಿಟ್ಟಾಗ ಗಾಡಿ ಘಾಟು ಇಳಿಯುತ್ತಿತ್ತು. ಕಿಟಕಿಯಿಂದ ತಣ್ಣನೆಯ ಗಾಳಿ. ಪಕ್ಕದಲ್ಲಿದ್ದ ಸೊಲ್ಲಾಪುರದ ಚಾದರ ವ್ಯಾಪಾರಿ ನನ್ನ ಎರಡು ರೊಟ್ಟಿ ತಿಂದು, ಬದಲಿಗೆ ಮುಂಬಯಿಯ ಲೋಕಲ್ ಹತ್ತುವುದು ಹೇಗೆಂದು ಪಾಠ ಹೇಳಿದ. ದಾದರಿನಲ್ಲಿ ಆ ಪಾಠ ಯಾವ ಉಪಯೋಗಕ್ಕೂ ಬರಲಿಲ್ಲ. ಹಿಂದಿನವರೇ ನನ್ನನ್ನೂ ಟ್ರಂಕನ್ನೂ ಒಳಗೆ ತಳ್ಳಿದರು, ಬೈಕುಲ್ಲಾದಲ್ಲಿ ಮತ್ತೆ ಹೊರಗೆ ತಳ್ಳಿದರು. ಗಂಗವ್ವನ ಗಂಡ ಸಂಗಪ್ಪ ಪ್ಲಾಟ್‌ಫಾರ್ಮಿನಲ್ಲಿ ನಗುತ್ತ ನಿಂತಿದ್ದ. ಮೇಸ್ತ್ರಿ ಕೆಲಸ ಮಾಡಿ ಮಾಡಿ ಅವನ ಹುಬ್ಬು ಕೂಡ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು.

ಮಾರ್ಕೆಟ್ಟು, ಕಬ್ಬಿಣ ಬಡಿಯುವ ಅಂಗಡಿಗಳು, ಚಾಳುಗಳು ದಾಟಿ ಒಂದು ಉದ್ದನೆಯ ಗೋಡೆಯ ಗೇಟಿನೊಳಗೆ ಹೋದೆವು. ನಾಲ್ಕು ವರ್ಷದ ಹಿಂದೆ ಅಲ್ಲಿ ಎಮ್ಮೆಗಳ ತಬೇಲಾ ಇತ್ತಂತೆ. ನಡು ಪೇಟೆಯಲ್ಲಿ ಸಾವಿರಾರು ಎಮ್ಮೆ. ಅವುಗಳನ್ನು ಊರ ಹೊರಗೆ ಸಾಗಿಸಿ, ಈಗ ಆ ಜಾಗದಲ್ಲಿ ಹದಿನಾಲ್ಕು ಕಟ್ಟಡ ಏಳುತ್ತಿದ್ದವು. ಪ್ರತಿಯೊಂದೂ ಐದು ಮಹಡಿ, ನಡುವೆ ಮಕ್ಕಳಿಗೊಂದು ಶಾಲೆ, ಒಂದು ತೋಟ. ಮೂರು ಕಟ್ಟಡಗಳಲ್ಲಿ ಆಗಲೇ ಜನ ಬಂದು ಸೇರಿದ್ದರು. ಬಾಲ್ಕನಿಗಳಲ್ಲಿ ಸೀರೆ, ಚಾದರ, ತುಳಸಿ ಕುಂಡ, ಹಪ್ಪಳ. ನಮ್ಮ ಗುಳೇದಗುಡ್ಡದ ಎರಡು ಓಣಿಯ ಜನ ಒಂದೊಂದು ಕಟ್ಟಡದಲ್ಲಿ ಹಿಡಿಸುತ್ತಾರೆಂದು ಲೆಕ್ಕ ಹಾಕಿ ಬೆರಗಾದೆ. ಕಟ್ಟುವವರಾದ ನಮ್ಮ ಜನ ಗೋಡೆಯಂಚಿನ ತಗಡಿನ ಗುಡಿಸಲುಗಳಲ್ಲಿದ್ದರು. ಬಾಗಲಕೋಟೆ, ಹುನಗುಂದ, ಬದಾಮಿ ಕಡೆಯ ಮೂವತ್ತು ಮನೆ. ಅಲ್ಲಿ ಕಾಲಿಟ್ಟಾಗ ನನಗೆ ಮುಂಬಯಿ ಬಿಟ್ಟು ಮತ್ತೆ ಊರಿಗೆ ಬಂದಂತಾಯಿತು.

ಗಂಗವ್ವ ಕಾಲು ತೊಳೆಯಲು ನೀರು ಕೊಟ್ಟವಳೇ ಅಳತೊಡಗಿದಳು. ಸಂತೋಷಕ್ಕೆ ಅಂದುಕೊಂಡೆ. ಅದು ಹಾಗಿರಲಿಲ್ಲ. ತಿಂಗಳಿಂದ ಕಾಯುತ್ತಿದ್ದ ಸಿಮೆಂಟು ಅದೇ ಬೆಳಿಗ್ಗೆ ಬಂದಿತ್ತು. ಏಳನೆಯ ಕಟ್ಟಡದ ಚಾವಣಿಯ ಸ್ಲ್ಯಾಬನ್ನು ಗುರುವಾರವೇ ಹಾಕಬೇಕೆಂದು ಇಂಜಿನಿಯರ್ ಸಾಹೇಬರು ಹೇಳಿದ್ದರು. ಬುಧವಾರ ಆಗದು, ಕಬ್ಬಿಣ ಕಟ್ಟುವುದು ಇನ್ನೂ ಉಳಿದಿತ್ತು. ಶುಕ್ರವಾರವೂ ಆಗದು, ಮಿಕ್ಸರ್ ಯಂತ್ರ ಚೆಂಬೂರಿನ ಇನ್ನೊಂದು ಕೆಲಸಕ್ಕೆ ಹೋಗಬೇಕಿತ್ತು, ಅದು ಮರಳುವಷ್ಟರಲ್ಲಿ ಮಳೆ ಹಿಡಿಯುತ್ತಿತ್ತು. ಆ ಯಂತ್ರ ನಡೆಸುವವನೇ ಮದುಮಗ, ಹುನಗುಂದದ ಮಲ್ಲಪ್ಪ. ಕಾಂಕ್ರೀಟಿನ ಬುಟ್ಟಿ ಹೊರುವ ಅರುವತ್ತು ಮಂದಿಯೇ ಬೀಗರು, ನೆಂಟರು. ಗುರುವಾರದ ಮುಹೂರ್ತ ತಪ್ಪಿದರೆ ಆಷಾಢ ಕಳೆಯುವ ತನಕ ಬೇರೆ ಇರಲಿಲ್ಲ.

ಆ ಸಂಜೆ ಗುಡಿಸಲ ಮುಂದೆ ಎಲ್ಲರೂ ಕೂತರು. ಸಂಗಪ್ಪ ಮಗಳ ತಂದೆಯೂ ಹೌದು, ಸ್ಲ್ಯಾಬಿನ ಮೇಸ್ತ್ರಿಯೂ ಹೌದು. ಒಬ್ಬರು ಮದುವೆ ಮುಂದಕ್ಕೆ ಹಾಕಿರಿ ಎಂದರು, ಇನ್ನೊಬ್ಬರು ಕೆಲಸ ಬಿಟ್ಟುಬಿಡಿರಿ ಎಂದರು. ಆಗ ಒಳಗಿಂದ ನೀಲವ್ವ ಹೊರಗೆ ಬಂದಳು. ಹತ್ತೊಂಬತ್ತರ ಹುಡುಗಿ, ಅಂಗೈಯಲ್ಲಿ ಆಗಲೇ ಮದರಂಗಿ.

“ಸ್ಲ್ಯಾಬೂ ಆಗಲಿ, ಅಕ್ಕಿಕಾಳೂ ಬೀಳಲಿ. ಮಷೀನ್ ಎಷ್ಟೊತ್ತು ನಿಂದರಬಹುದು ಅಂತ ಸಾಹೇಬರನ್ನ ಕೇಳ್ರಿ,” ಎಂದಳು.

ಸಂಗಪ್ಪನೂ ನಾನೂ ಸಾಹೇಬರ ಬಳಿ ಹೋದೆವು. ಅವರು ಪುಣೆ ಕಡೆಯ ಮರಾಠಿಯವರು, ಮಾತು ಕಡಿಮೆ. ಹಾಕಿದ ಕಾಂಕ್ರೀಟು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕಾದರೆ ಆಮೇಲೆ ಹಾಕಿದ್ದು ಅದನ್ನು ಹಿಡಿಯುವುದಿಲ್ಲ, ಮುಂದೆ ಆ ಸಂದಿನಲ್ಲೇ ಸೋರುತ್ತದೆ ಎಂದು ವಿವರಿಸಿದರು. ಅರ್ಧ ಗಂಟೆ ಕೊಡುತ್ತೇನೆ, ಗಡಿಯಾರ ನಾನೇ ಹಿಡಿದಿರುತ್ತೇನೆ ಎಂದರು.

ಊಟದ ವ್ಯವಸ್ಥೆ ಗೇಟಿನ ಪಕ್ಕದ ಕ್ಯಾಂಟೀನಿನ ಶೆಟ್ಟರದು. ಉಡುಪಿ ಕಡೆಯವರು. ಮಧ್ಯಾಹ್ನದ ಊಟ ಸಂಜೆಗೆ ಹೋಗಬಹುದು ಎಂದು ನಾನು ಅಳುಕುತ್ತಲೇ ಹೇಳಿದೆ. “ಅದಕ್ಕೇನು ಮಾಸ್ಟ್ರೇ, ಸಾರು ನಿಂತಷ್ಟೂ ರುಚಿ. ನೀವು ಹುಡುಗಿಯ ಕೆಲಸ ನೋಡಿ,” ಎಂದರು.

ಗುರುವಾರ ಬೆಳಿಗ್ಗೆ ಆರಕ್ಕೆ ಮಿಕ್ಸರ್ ತಿರುಗತೊಡಗಿತು. ಅರಿಸಿನ ಹಚ್ಚಿದ ಮೈಯ ಮೇಲೆ ಹಳೆಯ ಅಂಗಿ ಹಾಕಿಕೊಂಡು ಮಲ್ಲಪ್ಪ ಯಂತ್ರದ ಬಳಿ ನಿಂತಿದ್ದ. ಖಡಿಕಲ್ಲು, ಉಸುಕು, ಸಿಮೆಂಟು, ನೀರು ಒಳಗೆ ಹೋಗಿ ಬೂದು ಗಂಜಿಯಾಗಿ ಹೊರಗೆ ಬೀಳುತ್ತಿತ್ತು. ಅದನ್ನು ತುಂಬಿದ ಬುಟ್ಟಿಗಳು ಕೈಯಿಂದ ಕೈಗೆ, ಬಿದಿರಿನ ಏರು ಹಾದಿಯಲ್ಲಿ ಐದನೆಯ ಮಹಡಿಯ ನೆತ್ತಿಯವರೆಗೆ ಏರುತ್ತಿದ್ದವು. ಹೆಂಗಸರು ಹೊಸ ಸೀರೆಯನ್ನು ಗುಡಿಸಲಲ್ಲಿ ಮಡಿಚಿಟ್ಟು ಬಂದಿದ್ದರು.

ಹನ್ನೊಂದೂಕಾಲಿಗೆ ಯಂತ್ರ ನಿಂತಿತು. ಆ ಸದ್ದು ನಿಂತಾಗ ಆ ಜಾಗದಲ್ಲಿ ಕಾಗೆಗಳೂ ಇವೆ ಎಂಬುದು ನನಗೆ ಮೊದಲ ಬಾರಿಗೆ ಗೊತ್ತಾಯಿತು. ಎಲ್ಲರೂ ನಲ್ಲಿಯ ಕಡೆಗೆ ಓಡಿ ಕೈಕಾಲು ತೊಳೆದರು. ಮಲ್ಲಪ್ಪನ ತಲೆಗೆ ಅವನ ಅಣ್ಣ ಪೇಟ ಸುತ್ತಿ ಬಾಸಿಂಗ ಕಟ್ಟಿದ. ಕಟ್ಟಡದ ನೆರಳಿನಲ್ಲಿ ಸಿಮೆಂಟು ಚೀಲ ಹಾಸಿ, ಅದರ ಮೇಲೆ ಕಂಬಳಿ ಹಾಸಿದ್ದೆವು. ಮಂತ್ರ ಹೇಳಲು ಸಯನ್ ಬಡಾವಣೆಯಿಂದ ಒಬ್ಬ ಅಯ್ಯನವರು ಬಂದಿದ್ದರು. ಅವರಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದೆ. ಅವರು ಒಮ್ಮೆ ಸಾಹೇಬರ ಕೈಗಡಿಯಾರ ನೋಡಿ, ಉಸಿರು ತೆಗೆದುಕೊಳ್ಳದೆ ಶುರುಮಾಡಿದರು.

ನಾನು ನೀಲವ್ವನ ಕೈ ಹಿಡಿದು ಕರೆತಂದೆ. ನಾನು ತಂದ ಇಳಕಲ್ ಸೀರೆ ಉಟ್ಟಿದ್ದಳು. ಅವಳ ಕೈ ಜಡ್ಡುಗಟ್ಟಿತ್ತು, ಬುಟ್ಟಿ ಹೊತ್ತ ಕೈ. ನನ್ನ ಸೀಮೆಸುಣ್ಣದ ಕೈ ಅದರೊಳಗೆ ಮೆತ್ತಗೆ ಕಂಡಿತು. ತಲೆಯೆತ್ತಿದರೆ ಎದುರಿನ ಕಟ್ಟಡದ ಅಷ್ಟೂ ಬಾಲ್ಕನಿಗಳಲ್ಲಿ ಜನ. ಗುಜರಾತಿಯವರು, ಮರಾಠಿಯವರು, ಮದರಾಸಿನ ಕಡೆಯವರು. ಯಾರೂ ಅವರನ್ನು ಕರೆದಿರಲಿಲ್ಲ. ಮಲ್ಲಪ್ಪ ತಾಳಿ ಕಟ್ಟಿದ ಕ್ಷಣದಲ್ಲಿ ಅವರೆಲ್ಲ ತಮ್ಮ ತಮ್ಮ ಮನೆಯ ಅಕ್ಕಿಯನ್ನು ಮೇಲಿಂದ ಎರಚಿದರು. ಐದು ಮಹಡಿಯಿಂದ ಅಕ್ಕಿಯ ಮಳೆ. ಸಾಹೇಬರ ಟೋಪಿಯ ಮೇಲೂ ಬಿತ್ತು. ಅವರು ಅದನ್ನು ಝಾಡಿಸಲಿಲ್ಲ, ಗಡಿಯಾರ ನೋಡಿ ನಾಲ್ಕು ಬೆರಳು ತೋರಿಸಿದರು. ಇನ್ನೂ ನಾಲ್ಕು ನಿಮಿಷ ಉಳಿದಿತ್ತು.

ಅದರಲ್ಲಿ ದಂಪತಿಗಳು ಹಿರಿಯರ ಕಾಲಿಗೆ ನಮಸ್ಕರಿಸಿದರು. ಆಮೇಲೆ ಮಲ್ಲಪ್ಪ ಬಾಸಿಂಗ ಬಿಚ್ಚಲೂ ಮರೆತು ಯಂತ್ರದ ಕಡೆ ಓಡಿದ. ಬುಟ್ಟಿ ಹೊರುವವರ ಸಾಲು ಮತ್ತೆ ಕೂಡಿತು. ನಾನು ಕೋಟು ತೆಗೆದು ಅಯ್ಯನವರ ಕೈಗೆ ಕೊಟ್ಟು ಗಂಗವ್ವನ ಪಕ್ಕ ಸಾಲಿಗೆ ಸೇರಿದೆ. ಅವಳು ಬೇಡವೆಂದಳು, ನಾನು ಕೇಳಲಿಲ್ಲ. ಮೊದಲ ಬುಟ್ಟಿಗೇ ಸೊಂಟ ಹಿಡಿಯಿತು. ಹತ್ತನೆಯದಕ್ಕೆ ಲಯ ಸಿಕ್ಕಿತು. ಹೆಂಗಸರು ಸೋಬಾನೆ ಹಾಡುತ್ತಿದ್ದರು, ಒಂದು ಸೊಲ್ಲಿಗೆ ಒಂದು ಬುಟ್ಟಿ ಏರುತ್ತಿತ್ತು. ಅಂಥ ಮದುವೆಯ ಹಾಡನ್ನು ನಾನು ಬೇರೆಲ್ಲೂ ಕೇಳಿಲ್ಲ. ಸಂಜೆ ಐದರ ಸುಮಾರಿಗೆ ಕೊನೆಯ ಬುಟ್ಟಿ ಹೋಯಿತು. ಹೊಸ ಸೀರೆಗಳು ಹೊರಬಂದವು. ಶೆಟ್ಟರು ಎಲೆಗೆ ಅನ್ನ, ಸಾರು, ಶಿರಾ, ಗೋಳಿಬಜೆ ಬಡಿಸಿದರು. ಬಾಲ್ಕನಿಯ ಜನರೂ ಇಳಿದು ಬಂದರು. ಶೆಟ್ಟರು ಮತ್ತೆ ಎರಡು ಸಲ ಅನ್ನಕ್ಕಿಟ್ಟರು. ಎಷ್ಟು ಜನ ಉಂಡರೋ ನಾನು ನೋಡಲಿಲ್ಲ, ನಾನೇ ಮೂರು ಸಲ ಬಡಿಸಿಕೊಂಡಿದ್ದೆ.

ಶನಿವಾರ ಮಧ್ಯಾಹ್ನ ನನ್ನ ಗಾಡಿ. ಬೆಳಿಗ್ಗೆ ಸ್ಲ್ಯಾಬ್ ನೋಡಿ ಬರೋಣವೆಂದು ಮೈಕೈ ನೋವಿನಲ್ಲೇ ಮೆಟ್ಟಿಲೇರಿದೆ. ಅಂಚಿಗೆ ಗಾರೆಯ ಒಡ್ಡು ಕಟ್ಟಿ ಮೇಲೆಲ್ಲ ನೀರು ನಿಲ್ಲಿಸಿದ್ದರು. ಹಾಗೆ ನೀರುಂಡೇ ಅದು ಗಟ್ಟಿಯಾಗಬೇಕಂತೆ. ನೀಲವ್ವ ಪೈಪು ಹಿಡಿದು, ಹಸಿರು ಬಳೆ ತೊಟ್ಟ ಕೈಯಿಂದ ಅಲ್ಲಲ್ಲಿ ತಗ್ಗಿದ ನೀರು ತುಂಬಿಸುತ್ತಿದ್ದಳು. ಚಪ್ಪಲಿ ಬಿಟ್ಟು ನಾನೂ ನೀರಿಗಿಳಿದೆ.

“ಇದರ ಕೆಳಗ ಒಂದು ಅಡಿಗಿಮನಿ ಬರತೈತಿ ಮಾಮಾ, ಅಲ್ಲಿ ಕಿಡಕಿ,” ಎಂದು ತೋರಿಸಿದಳು. ಆ ಕಿಟಕಿಯಿಂದ ಸಂಜೆ ಗಾಳಿ ಬರುತ್ತದೆಂದು, ನಿಂತು ನೋಡಿದವಳಂತೆ ಹೇಳಿದಳು.

ಇಲ್ಲಿ ಇರಲು ಯಾರು ಬರುತ್ತಾರೆ ಎಂದು ಕೇಳಿದೆ.

“ಯಾರಿಗ್ಗೊತ್ತು? ಯಾರರ ಬರಲಿ,” ಎಂದು ನೀಲವ್ವ ಪೈಪನ್ನು ಇನ್ನೊಂದು ಮೂಲೆಗೆ ಎಳೆದಳು. “ಮಳಿಗಾಲದಾಗ ಸೋರಂಗಿಲ್ಲ.”