ಭೀಮನ ಊಟದ ಚೀಲ

ಆಗಿನ ಬೇಸಿಗೆ ರಜೆಗಳು ಉದ್ದವಿದ್ದವು. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಅಮೆರಿಕದ ವೆಸ್ಟ್‌ಮಂಟಿನ ಮನೆಯಲ್ಲಿ ಉಳಿಯುತ್ತಿದ್ದವರು ಮೂವರು: ನಾನು, ಎಂಟು ವರ್ಷದ ಮೊಮ್ಮಗಳು ಅನಘಾ, ಬಿಡಾಡಿ ನಾಯಿಗಳ ಶೆಲ್ಟರಿನಿಂದ ತಂದ ಭೀಮ. ಡ್ರೈವ್‌ವೇ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಆಡುತ್ತಿದ್ದೆವು. ಭೀಮ ಬಂದು ಆಟದ ನಡುಮನೆಯಲ್ಲೇ ಮಲಗುತ್ತಿತ್ತು.

ಅದಕ್ಕೆ ಊಟ ಹಾಕುವವಳು ನಾನು. ಅಂಗಡಿಯಲ್ಲಿ ಚೀಲ ಆರಿಸಿದವಳೂ ನಾನೇ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಗಜ್ಜರಿ, ಸೊಪ್ಪಿನ ಚಿತ್ರ, ಪಕ್ಕದಲ್ಲಿ ಒಂದು ಹಸಿರು ಚುಕ್ಕೆ ಕಂಡಿತು. ನಮ್ಮೂರ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಎಂದರೆ ಸಸ್ಯಾಹಾರ. ಮಾಂಸ ಹೊಸಿಲು ದಾಟದ ಮನೆ ನಮ್ಮದು. ಎತ್ತಿಕೊಂಡು ಬಂದೆ.

ತಿಂಗಳೊಳಗೆ ಭೀಮ ಕೆರೆದು ಕೆರೆದು ಹೊಟ್ಟೆಯ ಕೂದಲೆಲ್ಲ ಉದುರಿಸಿಕೊಂಡಿತು. ಕಾಲು ನೆಕ್ಕಿ ಹುಣ್ಣು ಮಾಡಿಕೊಂಡಿತು. ಮನೆಯೆಲ್ಲ ವಾಸನೆ. ಮಗ ಹೇಳಿಯೇಬಿಟ್ಟ:

“ಸ್ಕೂಲ್ ಸ್ಟಾರ್ಟ್ ಆಗೂದ್ರೊಳಗ ಸರಿ ಹೋಗ್ಲಿಲ್ಲಂದ್ರ ಶೆಲ್ಟರ್‌ಗೆ ವಾಪಸ್ ಕೊಟ್ಟುಬಿಡೂನು.”

ಅನಘಾ ಅಂದು ರೊಟ್ಟಿ ಮುಟ್ಟಲಿಲ್ಲ.

ಭೀಮನನ್ನೂ ಚೀಲವನ್ನೂ ಒಯ್ದಾಗ ನಾಯಿ ಡಾಕ್ಟರಮ್ಮ ಚೀಲ ತಿರುಗಿಸಿ ಹಿಂದೆ ಅಚ್ಚಾದ ಪದಾರ್ಥಗಳ ಪಟ್ಟಿ ತೋರಿಸಿದಳು. ಹೆಚ್ಚಿರುವುದನ್ನೇ ಮೊದಲು ಬರೆಯುತ್ತಾರಂತೆ; ಮೊದಲ ಹೆಸರೇ ಮೆಕ್ಕೆಜೋಳ. ಇದು ಇವನಿಗೆ ಒಗ್ಗುತ್ತಿಲ್ಲ, ಮಾಂಸ ಮೊದಲಿರುವುದನ್ನು ಹಾಕಿ ನೋಡಿ, ಚಿತ್ರ ನೋಡಿ ಕೊಳ್ಳಬೇಡಿ ಎಂದಳಂತೆ. ಅವಳ ಇಂಗ್ಲಿಷನ್ನು ನನಗೆ ತಿಳಿಸಿ ಹೇಳಿದವಳು ಅನಘಾ. ಕಾರಿನಲ್ಲಿ ಮತ್ತೆ ಶುರು ಮಾಡಿದಳು.

“ಅಜ್ಜಿ, ಅವನಿಗೆ ಚಿಕನ್ ಬೇಕಂತೆ.”

“ನನ್ನ ಅಡಿಗಿಮನ್ಯಾಗ ಬರಂಗಿಲ್ಲ.”

“ಗರಾಜ್‌ನಲ್ಲಿ ಇಡೋಣ. ಹಿ ಈಸ್ ಅ ಡಾಗ್, ಅಜ್ಜಿ. ಹಿ ಡಸಂಟ್ ಡು ಪೂಜಾ!”

ಮಗ ಸ್ಟೀರಿಂಗ್ ಹಿಡಿದು ನಕ್ಕ. ನಾನು ನಗಲಿಲ್ಲ. ಮಡಿ ನನ್ನದು, ಕೆರೆತ ಅದರದು. ಇದು ಸರಿಯಲ್ಲ ಅನ್ನಿಸಿತು.

“ನಡೀರಿ ಅಂಗಡಿಗೆ,” ಅಂದೆ.

ಅಲ್ಲಿ ಅನಘಾ ನನ್ನ ಬೆರಳು ಹಿಡಿದು ಅಕ್ಷರದ ಮೇಲೆ ಒಂದೊಂದಾಗಿ ಇಟ್ಟಳು. ಒಂದು ಮೊಟ್ಟೆಯನ್ನೂ ಒಡೆಯದ ನಾನು ಮೊದಲು ಓದಿದ ಇಂಗ್ಲಿಷ್ ಶಬ್ದ ಚಿಕನ್. ಮೂರು ಚೀಲ ಕೆಳಗಿಟ್ಟು, ಪಟ್ಟಿಯಲ್ಲಿ ಚಿಕನ್ ಮೊದಲಿದ್ದ ನಾಲ್ಕನೆಯದನ್ನು ತಂದೆವು. ಹಳೆಯದರಲ್ಲಿ ದಿನಕ್ಕಿಷ್ಟು ಬೆರೆಸುತ್ತ ಹೊಸದಕ್ಕೆ ಬಂದೆವು. ಮೂಗಿಗೆ ಸೆರಗು ಹಿಡಿದು ನಾನೇ ಸುರಿಯುತ್ತಿದ್ದೆ. “ತಿನ್ನಪಾ ಭೀಮಾ, ನಿನ್ನ ಹಣೇಬಾರ!”

ಶಾಲೆ ಶುರುವಾಗುವ ಹಿಂದಿನ ದಿನ ಮಗ ಮೊಣಕಾಲೂರಿ ಅದರ ಹೊಟ್ಟೆ ನೋಡಿದ. ಹುಣ್ಣು ಮಾಯ್ದು, ಹೊಸ ಕೂದಲು ಮೊಳೆತಿತ್ತು.

“ಇರ್ಲಿ ಬಿಡವಾ,” ಅಂದ. ಅನಘಾ ಅಂದು ಶೇಂಗಾಹಿಂಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದಳು.

ಭೀಮ ವಯಸ್ಸಾಗಿ ತೀರಿಹೋಯಿತು. ಹೊಟ್ಟೆ ತುಂಬ ತಿಂದು ಬದುಕಿತು, ಅದಕ್ಕೆ ಅಳುವುದೇನಿಲ್ಲ. ಅನಘಾ ಡೆಟ್ರಾಯಿಟ್ ಕಡೆ ಕೆಲಸದಲ್ಲಿದ್ದಾಳೆ, ಸುಖವಾಗಿದ್ದಾಳೆ. ನಾನೀಗ ಬ್ರೆಡ್ಡು, ಬಿಸ್ಕತ್ತು ಏನೇ ಕೊಂಡರೂ ಹಿಂದಿನ ಪಟ್ಟಿಯನ್ನು ಒಬ್ಬಳೇ ಓದುತ್ತೇನೆ. ತಕ್ಕಮಟ್ಟಿಗೆ ಬರುತ್ತದೆ. ತಪ್ಪು ಓದಿದರೆ “ನೋ ಅಜ್ಜಿ, ಅಗೇನ್” ಎಂದು ಬೆರಳನ್ನು ಹಿಂದಕ್ಕೆಳೆಯುವ ಆ ಪುಟ್ಟ ಕೈ ಮಾತ್ರ ಇಲ್ಲ.