ಹೊಳಲ್ಕೆರೆಗೆ ಕಳಿಸಿದ ಪಾರ್ಸಲ್

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಕನ್ನಡಕ ಸರಿಯಿಲ್ಲ ಎಂದು ಒಮ್ಮೆ, ಮನೆಗೆ ನೆಂಟರು ಬಂದರು ಎಂದು ಇನ್ನೊಮ್ಮೆ ಮುಂದಕ್ಕೆ ಹಾಕಿದೆ. ನಿಜವಾದ ಕಾರಣ ಹೆದರಿಕೆ. ಈಗಲೂ ಗೇಟಿನ ಚಿಲಕ ಸದ್ದಾದರೆ ಬರೆಯುವ ಕೈ ನಿಂತುಬಿಡುತ್ತದೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಚಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಿರಿಯೂರಿನಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ ಇತ್ತು. ಆದಿವಾಲದಿಂದ ಹಿಡಿದು ಹೊಸದುರ್ಗದವರೆಗೆ ಮದುವೆ, ನಾಟಕ, ಭಾಷಣ ಎಲ್ಲಕ್ಕೂ ನಮ್ಮದೇ ಹಾರ್ನು, ನಮ್ಮದೇ ಬಾಕ್ಸು. ಚಿತ್ರದುರ್ಗದ ಒಂದು ಆರ್ಕೆಸ್ಟ್ರಾಕ್ಕೂ ನಾನೇ ಮೈಕಿನವನು. ಅದರಲ್ಲಿ ಡ್ರಮ್ ಬಾರಿಸುತ್ತಿದ್ದವನು ನನ್ನ ಗೆಳೆಯ, ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು ನಾವು. ಅವನ ತಾಳ ಕುಂಟುವವನು ಕಾಲೆಳೆದುಕೊಂಡು ಬಂದ ಹಾಗೆ ಬರುತ್ತಿತ್ತು, ಆದರೂ ಎಲ್ಲರಿಗಿಂತ ಮೊದಲು ಬಂದು ಮುಟ್ಟುತ್ತಿತ್ತು. ಸಿರಿಗೆರೆ ಕಡೆಯಿಂದ ಬಸ್ಸಿನಲ್ಲಿ ಬಂದ ಹುಡುಗರು ಕುರ್ಚಿ ಹತ್ತಿ ಕುಣಿದದ್ದನ್ನು ನಾನೇ ನೋಡಿದ್ದೇನೆ.

ಆರ್ಕೆಸ್ಟ್ರಾದವರು ಕೈಯಿಂದ ದುಡ್ಡು ಹಾಕಿ ಒಂದು ಚಿಕ್ಕ ರೆಕಾರ್ಡ್ ಮಾಡಿಸಿದರು. ಹಾಡಿಲ್ಲ, ಬರೀ ವಾದ್ಯ. ದೂರದ ಕಾರ್ಖಾನೆಯಿಂದ ಅದರ ಪೆಟ್ಟಿಗೆ ಲಾರಿಯಲ್ಲಿ ನನ್ನ ಅಂಗಡಿಗೆ ಬಂತು. ಆ ವಾರ ಗೆಳೆಯ ಊರಲ್ಲಿರಲಿಲ್ಲ. ಪೆಟ್ಟಿಗೆ ಬಿಚ್ಚಿ ಒಂದನ್ನು ಹಾಕಿದೆ. ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಅವನ ಡ್ರಮ್ ಒಂದೇ ಬರುವ ಜಾಗದಲ್ಲಿ ಪಿನ್ನು ಎಗರಿತು. ಇನ್ನೊಂದು ಹಾಕಿದೆ, ಅದೂ ಅಲ್ಲೇ ಎಗರಿತು. ಅಚ್ಚಿನಲ್ಲೇ ದೋಷ. ಪಿನ್ನಿನ ತಲೆಯ ಮೇಲೆ ಒಂದು ಎಂಟಾಣೆ ಇಟ್ಟರೆ ಭಾರಕ್ಕೆ ಎಗರದೆ ಓಡುತ್ತಿತ್ತು. ಸವೆದ ರೆಕಾರ್ಡಿಗೆ ಮೈಕ್ ಸೆಟ್ಟಿನವರು ಹಾಗೆ ಮಾಡುತ್ತಿದ್ದೆವು. ಎಂಟಾಣೆ ಇಟ್ಟು ಪೂರ್ತಿ ಕೇಳಿದೆ. ಕೇಳಿ ಹೆದರಿದೆ, ಅಷ್ಟು ಚೆನ್ನಾಗಿತ್ತು. ಇದು ಹತ್ತು ಜನರ ಕಿವಿಗೆ ಬಿದ್ದರೆ ಇವನು ಈ ಜಿಲ್ಲೆಯಲ್ಲಿ ಇರುವುದಿಲ್ಲ, ಇವನಿಲ್ಲದಿದ್ದರೆ ಆರ್ಕೆಸ್ಟ್ರಾ ಇಲ್ಲ, ನನ್ನ ಮೈಕ್ ಸೆಟ್ಟನ್ನು ಕೇಳುವವರೂ ಇಲ್ಲ ಎನಿಸಿತು. ಅದೂ ಅರ್ಧ ಮಾತು. ಅವನು ಬಾರಿಸುವಾಗ ಒಬ್ಬನೂ ಮೈಕಿನವನ ಕಡೆ ತಿರುಗುತ್ತಿರಲಿಲ್ಲ. ಅದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಅವನು ಊರಿಗೆ ಬಂದ ದಿನ ಹೇಳಿದೆ: "ಲಾರಿ ಮೇಲೆ ಬಿಸಿಲಿಗೆ ಎಲ್ಲಾ ಹಪ್ಪಳ ಆಗ್ಬಿಟ್ಟಿದ್ವು ಕಣೋ. ಎಸೆದ್ಬಿಟ್ಟೆ."

"ಒಂದೂ ಉಳೀಲಿಲ್ಲೇನೋ?"

"ಒಂದೂ ಇಲ್ಲ."

ಅಂಗಡಿಯ ಮೆಟ್ಟಿಲ ಮೇಲೆ ಕೂತ. ಆಮೇಲೆ, "ಹಪ್ಪಳ ಅಂದ್ಮೇಲೆ ಎಸೆಯೋದ್ಯಾಕೆ, ಕರ್ದು ತಿನ್ನಬೇಕಿತ್ತು" ಎಂದು ನಕ್ಕ. ಉಳಿದವರಿಗೂ ನಾನು ಅದನ್ನೇ ಹೇಳಿದೆ. ಮತ್ತೊಮ್ಮೆ ಮಾಡಿಸುವ ಶಕ್ತಿ ಅವರಲ್ಲಿ ಯಾರಿಗೂ ಇರಲಿಲ್ಲ. ಎರಡು ವರ್ಷಕ್ಕೆ ಆರ್ಕೆಸ್ಟ್ರಾವೂ ಒಡೆಯಿತು. ಅವನು ಹೊಳಲ್ಕೆರೆಗೆ ಹೋಗಿ ಹೊಲಿಗೆ ಮಿಷನ್ ಇಟ್ಟುಕೊಂಡ. ಅವನ ಹೆಂಡತಿ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ತಾನು ಬಾರಿಸಿದ ರೆಕಾರ್ಡನ್ನು ಅವನು ಒಂದು ಸಲವೂ ಕೇಳಿರಲಿಲ್ಲ. ಪೆಟ್ಟಿಗೆ ನನ್ನ ಅಟ್ಟದ ಮೇಲಿತ್ತು.

ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ, ಈಚೆಗೆ, ಬೆಂಗಳೂರಿನಿಂದ ಹಳೆ ರೆಕಾರ್ಡ್ ಕೊಳ್ಳುವವನೊಬ್ಬ ಮನೆಗೆ ಬಂದ. ಸಿನಿಮಾ ರೆಕಾರ್ಡುಗಳನ್ನು ಹಳೆ ಪೇಪರಿನ ಹಾಗೆ ತೂಕಕ್ಕೆ ಕೇಳುತ್ತಿದ್ದವನು ಅವುಗಳ ನಡುವೆ ಸೇರಿದ್ದ ಇದರ ಒಂದು ಪ್ರತಿಯನ್ನು ಹಾಕಿದ ಕೂಡಲೇ ಮಾತು ನಿಲ್ಲಿಸಿದ. "ಸರ್, ಇದು ಫಂಕ್" ಎಂದ. ಆ ಪದವನ್ನು ನಾನು ಕೇಳಿದ್ದು ಅದೇ ಮೊದಲು, ತಾಳಕ್ಕೆ ಕುಣಿಸುವ ಅಮೆರಿಕದ ಸಂಗೀತವಂತೆ. ಇಂಥದ್ದಕ್ಕೆ ಹೊರದೇಶದವರು ಫೋನಿನ ಹರಾಜಿನಲ್ಲಿ ಕಿತ್ತಾಡುತ್ತಾರೆ ಎಂದು ಅವನೇ ಬಾಯಿ ಬಿಟ್ಟ. ನಾನು ಕೊಡಲಿಲ್ಲ. ಅವನು ಹೋದ ಮೇಲೆ ಪೆಟ್ಟಿಗೆ ಇಳಿಸಿದೆ. ಅದೂ ಸೇರಿ ಹನ್ನೊಂದು ಚೆನ್ನಾಗಿದ್ದವು.

ಮಗಳ ಕೈಯಲ್ಲಿ ಹರಾಜಿನ ಖಾತೆ ಮಾಡಿಸಿದೆ, ಯಾವುದೋ ಹೆಸರಿಟ್ಟು. ಒಂದನ್ನು ನಡುಮನೆಯ ಕೆಂಪು ನೆಲದ ಮೇಲಿಟ್ಟು ಫೋಟೋ ತೆಗೆದು ಹಾಕಿದೆ. ಯಾವ ಯಾವ ದೇಶದವರೋ ಕೂಗಿದರು. ಬೆಲೆ ಏರಿದ ಹಾಗೆಲ್ಲ ಖುಷಿಯಾಗುವ ಬದಲು ಹೆದರಿಕೆ ಹೆಚ್ಚುತ್ತಿತ್ತು. ಒಂದು ಮದುವೆ ಸೀಜನ್ ಪೂರ್ತಿ ದುಡಿದರೂ ನನಗೆ ಸಿಗದಿದ್ದಷ್ಟು ದುಡ್ಡನ್ನು, ಅಂಗೈ ಅಗಲದ ತಟ್ಟೆಗೆ, ಮುಖ ಕಾಣದ ಒಬ್ಬ ಕೊಟ್ಟ. ಅವನ ಕಾಗದವನ್ನು ಫೋನೇ ಕನ್ನಡ ಮಾಡಿ ತೋರಿಸಿತು. ಒಂದು ಕಡೆ ಎಗರುತ್ತದೆ, ಪರವಾಗಿಲ್ಲ, ಬೇರೆ ಎಲ್ಲಿ ಸಿಗಬೇಕು ಎಂದು ಬರೆದಿದ್ದ. ಇಂಥವು ನಿಮ್ಮ ಹತ್ತಿರ ಇನ್ನೂ ಇವೆಯೇ, ಅಪರೂಪದ್ದೆಂದು ಇಷ್ಟು ಕೊಟ್ಟಿದ್ದೇನೆ, ರಾಶಿ ಇದ್ದರೆ ನನ್ನ ಹಣ ವಾಪಸ್ ಕೊಡಬೇಕು ಎಂದೂ ಇತ್ತು. ಇನ್ನೊಂದೇ ಒಂದು ಇದೆ, ಉಳಿದವು ನಾಶವಾಗಿವೆ ಎಂದು ಬರೆದು ಕಳಿಸಿದೆ. ಬರೆದ ಮೇಲೆ ಅದನ್ನು ನಿಜ ಮಾಡಬೇಕಾಯಿತು.

ಹಿತ್ತಲಿನಲ್ಲಿ ಒಂಬತ್ತನ್ನು ಮೊಣಕಾಲಿಗೆ ಕೊಟ್ಟು ಮುರಿದೆ. ಮೊದಲು ಬಾಗುತ್ತದೆ, ಇನ್ನೂ ಬಾಗುತ್ತದೆ, ಆಮೇಲೆ ಟಪ್ ಎನ್ನುತ್ತದೆ. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ, "ಏನ್ ಮುರೀತಿದೀರಿ?" ಎಂದಳು. "ಸೌದೆ" ಎಂದೆ.

ಉಳಿದ ಒಂದನ್ನು ಹರಾಜಿಗೆ ಹಾಕಿ ಮೂರು ದಿನವಾಗಿತ್ತು. ಬೆಳಿಗ್ಗೆ ಗೆಳೆಯ ಹೊಳಲ್ಕೆರೆಯಿಂದ ಬಸ್ಸಿಗೆ ಬಂದ. ಅವನ ಬಲಗಿವಿ ಆಗಲೇ ಹೋಗಿತ್ತು, ಎಡಗಿವಿಯೂ ಮುಚ್ಚುತ್ತಾ ಇತ್ತು. ಕೇಳಿಸದವರ ಹಾಗೆ ಗಂಟಲು ಹರಿದು ಮಾತಾಡುತ್ತಿದ್ದ.

"ಲೇ, ಸತ್ತಿದ್ದು ಎದ್ದು ಬಂದೈತೆ ನೋಡೋ!"

ಫೋನನ್ನು ಮುಖಕ್ಕೆ ಹಿಡಿದ. ಮೊದಲ ರೆಕಾರ್ಡ್ ಕೊಂಡವನು ಅದರ ಅರ್ಧ ನಿಮಿಷವನ್ನು ಎಲ್ಲರಿಗೂ ಕೇಳುವ ಹಾಗೆ ಹಾಕಿದ್ದ. ಯಾರೋ ಹಳೆಯ ಆರ್ಕೆಸ್ಟ್ರಾದವರು ಇವನಿಗೆ ಕಳಿಸಿದ್ದರು. ಅದರ ಕೆಳಗೆ ನನ್ನ ಹರಾಜಿನ ಪುಟ, ನಾನು ತೆಗೆದ ಫೋಟೋ. ಫೋಟೋದಲ್ಲಿ ರೆಕಾರ್ಡಿನ ಪಕ್ಕ ಕೆಂಪು ನೆಲದ ಬಿರುಕು ಕಾಣುತ್ತಿತ್ತು. ಅದೇ ಬಿರುಕಿನ ಪಕ್ಕದಲ್ಲೇ ಅವನು ಕೂತಿದ್ದ.

"ಚಾಪೆ ಹಾಕ್ತೀನಿ ಏಳು. ನೆಲ ತಣ್ಣಗೈತೆ."

"ಈ ಸೆಕೇಲಿ ತಣ್ಣಗಿದ್ರೆ ಒಳ್ಳೇದಲ್ಲೇನೋ?"

ನಾನು ಬಿಡಲಿಲ್ಲ. ಅವನನ್ನು ಎಬ್ಬಿಸಿ ಬಿರುಕಿನ ಮೇಲೆ ಚಾಪೆ ಹಾಸಿದೆ.

"ಎಲ್ಲಾ ಹಪ್ಪಳ ಆಗಿದ್ವು ಅಂದಿದ್ಯಲ್ಲಪ್ಪ ನೀನು?"

"ಕಾರ್ಖಾನೆಯವರು ಒಂದೆರಡು ಇಟ್ಕಂಡಿರ್ಬೇಕು."

"ಕಳ್ಳ ನನ್ಮಕ್ಳು" ಎಂದು ನಕ್ಕ. "ಫೋನಾಗೆ ಸೊಳ್ಳೆ ಕೂಗ್ದಂಗೆ ಕೇಳ್ತೈತೆ. ನನ್ನ ಡ್ರಮ್ಮು ಬರೋಕೆ ಮುಂಚೇನೇ ನಿಂತೋಗ್ತೈತೆ. ಈ ಕಿವಿ ಮುಚ್ಚೋದ್ರೊಳಗೆ ಒಂದ್ಸಲ ನಿನ್ನ ದೊಡ್ಡ ಬಾಕ್ಸಿಗೆ ಹಾಕಿ ಕೇಳ್ಬೇಕು ಕಣೋ. ಅದಕ್ಕೇ ನಾನೂ ಹರಾಜು ಕೂಗ್ತೀನಿ."

"ಬೆಲೆ ಕೈಗೆ ಸಿಗಲ್ಲ."

"ಕಿವಿ ಮಿಷನ್ನಿಗೆ ಅಂತ ನನ್ನ ಹೆಂಡ್ತಿ ಕೂಡಿಟ್ಟಿದ್ದು ಐತೆ. ಇದನ್ನ ಕೇಳಿದ್ಮೇಲೆ ಇನ್ನೇನು ಕೇಳೋದೈತೆ? ಇವಳ ಬೈಗುಳಾನಾ?"

ಮರುದಿನ ಅವನ ಹೆಂಡತಿ ಫೋನ್ ಮಾಡಿದಳು. "ಅಣ್ಣ, ನೀವಾದ್ರೂ ಹೇಳ್ರಿ. ನಿಮ್ಮ ಮಾತು ಕೇಳ್ತಾರೆ. ಈಗ್ಲೇ ಮಿಷನ್ ಹಾಕಿದ್ರೆ ಎಡಗಿವಿ ಒಂಚೂರು ಉಳೀತೈತಂತೆ, ದುರ್ಗದ ಡಾಕ್ಟ್ರು ಹೇಳ್ಯಾರೆ. ತಡ ಆದ್ರೆ ಅದೂ ಇಲ್ಲಂತೆ. ಎಷ್ಟು ವರ್ಷದ ರೊಟ್ಟಿ ದುಡ್ಡು ಅಣ್ಣ ಅದು."

"ಹೇಳ್ತೀನಿ ಬಿಡವ್ವ" ಎಂದೆ. ಹೇಳಲಿಲ್ಲ. ಹರಾಜು ರದ್ದು ಮಾಡಲು ಫೋನಿನಲ್ಲಿ ಒಂದು ಬೆರಳು ಒತ್ತಿದರೆ ಸಾಕಿತ್ತು. ತಟ್ಟೆಯನ್ನು ಪೇಪರಿನಲ್ಲಿ ಸುತ್ತಿ ಅವನ ಕೈಗೆ ಕೊಟ್ಟಿದ್ದರೂ ಸಾಕಿತ್ತು. ಎಲ್ಲಿಂದ ಬಂತು ಎಂದು ಕೇಳುತ್ತಾನೆ, ಆಗ ಲಾರಿಯ ಮಾತೂ ಹೊರಗೆ ಬರುತ್ತದೆ ಎಂಬ ಭಯ. ದುಡ್ಡಿನ ಆಸೆ ಇರಲಿಲ್ಲ ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಹರಾಜು ಒಂದು ಮಧ್ಯಾಹ್ನ ಮುಗಿಯುವುದಿತ್ತು. ಕೊನೆಯಲ್ಲಿ ಉಳಿದವರು ಇಬ್ಬರು, ಯಾವುದೋ ದೇಶದವನೊಬ್ಬ, ಹೊಳಲ್ಕೆರೆಯವನೊಬ್ಬ. ನನ್ನ ಮುಂದೆ ಮಗಳ ಫೋನಿನಲ್ಲಿ ಬೆಲೆ ಏರುತ್ತಿತ್ತು, ಕಿವಿಯಲ್ಲಿ ನನ್ನ ಫೋನು.

"ಅವ್ನು ಮತ್ತೆ ಏರಿಸ್ದ ಕಣೋ! ನಾನೂ ಹಾಕ್ಲಾ?"

"ನಿನ್ನಿಷ್ಟ."

"ಏನಂದೆ? ಕೇಳಲ್ಲ, ಜೋರಾಗಿ ಹೇಳು!"

"ನಿನ್ನಿಷ್ಟ ಅಂದೆ!" ಕಿರುಚಿದೆ. ಬೇಡ ಎಂಬುದಕ್ಕೂ ಅಷ್ಟೇ ಉಸಿರು ಸಾಕಿತ್ತು.

ಅವನು ಹಾಕಿದ. ಆ ಕಡೆಯವನು ಸುಮ್ಮನಾದ. "ಗೆದ್ದೆ ಲೇ!" ಎಂದು ಅವನು ಕೂಗಿದ ಹಿಂದೆಯೇ ಅವರ ಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

ನನ್ನ ಅಕ್ಷರ ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೆ ವಿಳಾಸವನ್ನು ಅಂಗಡಿಯಲ್ಲಿ ಟೈಪ್ ಮಾಡಿಸಿ ಅಂಟಿಸಿದೆ. ಹಿರಿಯೂರಿನ ಮುದ್ರೆ ಬೀಳಬಾರದೆಂದು ಬಸ್ ಹತ್ತಿ ಹೊಸದುರ್ಗಕ್ಕೆ ಹೋಗಿ ಅಲ್ಲಿಂದ ಕಳಿಸಿದೆ. ಪೋಸ್ಟಿನವನು "ಒಳಗೇನೈತ್ರಿ?" ಎಂದ. "ಪ್ಲಾಸ್ಟಿಕ್ಕು" ಎಂದೆ.

ವಾರದೊಳಗೆ ಅದೇ ಪಾರ್ಸಲನ್ನು ಬಿಚ್ಚದೆ ಎದೆಗೆ ಅವುಚಿಕೊಂಡು ಅವನು ನನ್ನ ಮನೆಗೇ ಬಂದ. ಸುತ್ತಮುತ್ತ ರೆಕಾರ್ಡ್ ಹಾಕುವ ಮಿಷನ್ ಉಳಿದಿರುವುದು ನನ್ನಲ್ಲಿ ಮಾತ್ರ. ನನ್ನ ಕಣ್ಣೆದುರೇ ಹಲ್ಲಿನಿಂದ ದಾರ ಕಚ್ಚಿ ಬಿಚ್ಚಿದ. ನಾನು ಆಂಪ್ಲಿಫೈಯರ್ ಹಾಕಿ, ತಟ್ಟೆ ಇಟ್ಟು, ಡಬ್ಬಿಯಿಂದ ಎಂಟಾಣೆ ತೆಗೆದು ಪಿನ್ನಿನ ತಲೆಯ ಮೇಲೆ ಕೂರಿಸಿದೆ. ಕೈ ತಾನಾಗಿ ಮಾಡಿತು. ತಿರುಗಿ ನೋಡಿದರೆ ಅವನು ನನ್ನ ಬೆರಳನ್ನೇ ನೋಡುತ್ತಿದ್ದ.

"ಇನ್ನೂ ಹಾಕೇ ಇಲ್ಲ. ಎಗರ್ತೈತೆ ಅಂತ ಹೆಂಗ್ ಗೊತ್ತಾತು?"

"ಹಳೇದಲ್ವಾ. ಎಲ್ಲಾದಕ್ಕೂ ಇಡ್ತೀನಿ."

ಇಡುವುದಿಲ್ಲ ಎಂದು ಅವನಿಗೆ ಗೊತ್ತು. ಎಷ್ಟೋ ಮದುವೆಗಳಲ್ಲಿ ನನ್ನ ಪಕ್ಕ ಕೂತು ನೋಡಿದವನು. ನನ್ನ ಮುಖ ನೋಡಿದ. ಅವನು "ಹಾಕು" ಎಂದಷ್ಟೇ ಹೇಳಿ ಬಾಕ್ಸಿನ ಪಕ್ಕ ಕೂತು ಅದರ ಮೇಲೆ ಅಂಗೈ ಇಟ್ಟ. ಅವನ ಡ್ರಮ್ ಬಂದಾಗ ಕಣ್ಣು ಮುಚ್ಚಿದ. ಮೂರು ಸಲ ಹಾಕಿಸಿಕೊಂಡ. ಹೊರಡುವಾಗ ತಟ್ಟೆಯನ್ನು ಒಯ್ಯಲಿಲ್ಲ. "ನಿನ್ನ ಹತ್ರಾನೇ ಇರ್ಲಿ. ನಿನಗೇ ಬೇಕಾಗಿರೋದು" ಎಂದ. ತಮಾಷೆಗೆ ಹೇಳಿದನೋ, ಎಲ್ಲ ತಿಳಿದು ಹೇಳಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆವತ್ತಿನಿಂದ ಅವನ ಫೋನ್ ಬಂದರೆ ಎತ್ತಲು ಹೆದರುತ್ತಿದ್ದೆ. ಆಮೇಲೆ ಫೋನ್ ಬರುವುದೇ ನಿಂತಿತು. ಅವನಿಗೆ ಏನೂ ಕೇಳಿಸದಂತಾಗಿತ್ತು.

ಹೋದ ತಿಂಗಳು ಹೊಳಲ್ಕೆರೆಗೆ ಹೋದೆ. ಹರಾಜಿನ ದುಡ್ಡನ್ನು ಲಕೋಟೆಯಲ್ಲಿಟ್ಟು ಒಳಜೇಬಿಗೆ ಹಾಕಿಕೊಂಡಿದ್ದೆ. ಅವನು ಮಿಷನ್ನಿನ ಮುಂದೆ ಕೂತು ಬ್ಲೌಸಿಗೆ ಗುಂಡಿ ಹಚ್ಚುತ್ತಿದ್ದ. ಮನೆಯಲ್ಲಿ ಬೇರೆ ಯಾರ ಸುಳಿವೂ ಇರಲಿಲ್ಲ. ಅವನಿಗೆ ಏನು ಹೇಳಬೇಕಾದರೂ ಬರೆದು ತೋರಿಸಬೇಕು, ಪಕ್ಕದಲ್ಲೇ ಸ್ಲೇಟು ಇತ್ತು. ನಾನು ಸ್ಲೇಟು ಮುಟ್ಟಲಿಲ್ಲ. ಬಾಯಲ್ಲೇ ಹೇಳಿದೆ. ಲಾರಿಯ ಸುಳ್ಳು, ಅಟ್ಟದ ಪೆಟ್ಟಿಗೆ, ಮುರಿದ ಒಂಬತ್ತು, ಹರಾಜು ಹಾಕಿದವನು ನಾನೇ ಎಂಬುದು. "ತಪ್ಪಾತು ಕಣೋ" ಎಂದೂ ಹೇಳಿದೆ. ಕಿವುಡನ ಮುಂದೆ ಹೇಳಲು ನನಗೆ ಅಷ್ಟು ಧೈರ್ಯ ಬಂದಿತ್ತು. ಅವನು ನನ್ನ ತುಟಿ ನೋಡುತ್ತಾ ತಲೆಯಾಡಿಸಿ, "ಹೂಂ, ನಮ್ಮ ಕಡೆನೂ ಮಳೆ ಪರವಾಗಿಲ್ಲ" ಎಂದ.

ಆಗ ಹಿಂದಿನಿಂದ ಮಾತು ಬಂತು.

"ಒಂಬತ್ತೂ ಮುರಿದ್ರಾ ಅಣ್ಣ?"

ಅಡಿಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಏನಂತೆ? ಏನಂತಾನೆ ಇವ್ನು?" ಗೆಳೆಯ ನಮ್ಮಿಬ್ಬರ ಮುಖವನ್ನೂ ನೋಡಿ ಕೂಗಿದ.

ಅವಳು ಕೈ ಒರೆಸಿಕೊಂಡು ಬಂದು ಸ್ಲೇಟು ತೆಗೆದುಕೊಂಡಳು. ಬಳಪ ನಿಧಾನವಾಗಿ ಓಡಿತು. ಬರೆದು ಅವನ ಕಡೆ ತಿರುಗಿಸಿದಳು. 'ಊಟಕ್ಕೆ ಇರ್ತಾರಂತೆ' ಎಂದಿತ್ತು.

"ಅದನ್ನ ಹೇಳೋಕೆ ಇಷ್ಟೊತ್ತಾ?" ಎಂದು ಅವನು ನಕ್ಕ.

"ಕುಂತ್ಕಳ್ರಿ" ಎಂದು ತಟ್ಟೆ ಇಟ್ಟಳು. ಬಿಸಿ ರೊಟ್ಟಿ, ಚಟ್ನಿಪುಡಿ, ಬದನೆಕಾಯಿ ಪಲ್ಯ ಬಡಿಸಿದಳು. ನಾನು ತಲೆ ಎತ್ತದೆ ಉಂಡೆ. ಅವಳು ನನ್ನ ಮುಂದೆ ನಿಂತೇ ಇದ್ದಳು. ಲಕೋಟೆ ಜೇಬಿನಲ್ಲೇ ಉಳಿಯಿತು. ಅದನ್ನು ಹೊರಗೆ ತೆಗೆದರೆ ಅವಳ ಮುಖ ನೋಡಬೇಕಾಗುತ್ತಿತ್ತು. ಕೈ ತೊಳೆದು ಚಪ್ಪಲಿ ಮೆಟ್ಟಿ, ಓಡಿ ಬಂದ ಹಾಗೆ ಬಸ್ ಸ್ಟ್ಯಾಂಡಿಗೆ ಬಂದೆ.

ಅವನಿಗೆ ಹೇಳಿದ್ದಾಳೋ, ಹೇಳದೆ ಒಬ್ಬಳೇ ಇಟ್ಟುಕೊಂಡಿದ್ದಾಳೋ ಗೊತ್ತಿಲ್ಲ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ ಎಂಬುದೂ ತಿಳಿಯುತ್ತಿಲ್ಲ. ಗೆಳೆಯನಲ್ಲಿ, ಅವನಿಗೆ ಕೇಳಿಸದಂತೆ ಆದರೂ, ತಪ್ಪಾಯಿತು ಎಂದೆ. ಎರಡು ಕಿವಿಯೂ ಸರಿಯಿದ್ದು, ನನ್ನ ಮುಂದೆಯೇ ನಿಂತು, ಕೇಳಿಸಿಕೊಳ್ಳಲು ಕಾದವಳಿಗೆ ಆ ಒಂದು ಮಾತು ಹೇಳಲಿಲ್ಲ. ದಿನವೆಲ್ಲ ಗಂಡನಿಗೆ ಒಂದೊಂದು ಮಾತನ್ನೂ ಸ್ಲೇಟಿನ ಮೇಲೆ ಬರೆಯುತ್ತಿರುವವಳು, ಹೊಳಲ್ಕೆರೆಯಲ್ಲಿ ರೊಟ್ಟಿ ಬಡಿಯುವವಳು, ನನ್ನನ್ನು ಅಣ್ಣ ಎಂದು ನಂಬಿ ಫೋನ್ ಮಾಡಿದವಳು, ಅವನ ಹೆಂಡತಿ.