ಐಮಂಗಲದಲ್ಲಿ ಕೇಳಿದ ನನ್ನದೇ ಮಾತು

ಸತ್ತವರು ಕನಸಿನಲ್ಲಿ ಬಂದು ಮಾತಾಡುತ್ತಾರೆ ಎನ್ನುವವರನ್ನು ಕಂಡರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಸಿದ್ದೇಶನಿಗೂ ಅದೇ ಕಾಯಿಲೆ. ಅವನು ಐಮಂಗಲದ ಕಡೆ ಕುರಿ ಸಾಕುವ ರಂಗಮ್ಮನ ಮಗ. ಆಪರೇಷನ್ ಆದ ಮೇಲೆ ಇಬ್ಬರನ್ನೂ ಒಂದು ಸಂಶೋಧನೆಗೆ ಸೇರಿಸಿಕೊಳ್ಳಬಹುದೇ ಎಂದು ವೈದ್ಯರು ಕೇಳಿದರು. ಹೃದಯಕ್ಕೆ ತೊಂದರೆ ಕೊಡಬಹುದಾದ ಒಂದು ಔಷಧಿಯನ್ನು ಬಿಟ್ಟರೂ ಮಕ್ಕಳು ಅಷ್ಟೇ ಚೆನ್ನಾಗಿ ಗುಣವಾಗುತ್ತಾರೆಯೇ ಎಂದು ನೋಡಬೇಕಿತ್ತು. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು ಎಂದು ಕಂಪ್ಯೂಟರ್ ಆರಿಸುತ್ತದಂತೆ.

“ಮಕ್ಳ ಮ್ಯಾಲೆ ಚೀಟಿ ಎತ್ತುತಾರೇನ್ರಿ ಟೀಚರಮ್ಮ?” ಎಂದು ರಂಗಮ್ಮ ಕೇಳಿದಳು.

ಯಾವುದು ಮೇಲೆಂದು ವೈದ್ಯರಿಗೇ ಗೊತ್ತಿಲ್ಲದಾಗ ಚೀಟಿಯೇ ನ್ಯಾಯ ಎಂದೆ. ನಾಣ್ಯಕ್ಕೆ ನೆನಪಿರುವುದಿಲ್ಲ, ಒಬ್ಬರಿಗೆ ಬಿದ್ದದ್ದರಿಂದ ಇನ್ನೊಬ್ಬರದು ಬದಲಾಗುವುದಿಲ್ಲ ಎಂದು ಪಾಠವನ್ನೇ ಮಾಡಿಬಿಟ್ಟೆ. ಇಬ್ಬರಿಗೂ ಒಂದೇ ಗುಂಪು ಬಂತು, ಯಾವ ಔಷಧಿಯನ್ನೂ ಬಿಡದ ಗುಂಪು. ಆದರೂ ಮರುವರ್ಷ ಸಿದ್ದೇಶನಿಗೆ ಕಾಯಿಲೆ ಮರಳಿತು. ಅವನು ಉಳಿಯಲಿಲ್ಲ.

ಅವನ ಸೋದರಮಾವ ಫೋನ್ ಮಾಡಿ ತಿಳಿಸಿದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಫೋನ್ ಇಟ್ಟು ಮತ್ತೆ ರೊಟ್ಟಿ ತಟ್ಟತೊಡಗಿದೆ. ಅಳು ಬರಲಿಲ್ಲ. ಹೆಚ್ಚಿನ ಮಕ್ಕಳು ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರಲ್ಲ. ಆ ಕೆಲವರ ಲೆಕ್ಕಕ್ಕೆ ಅವನು ಹೋದ, ಇನ್ನು ನನ್ನ ಮಗಳು ಪಾರು ಎಂದುಕೊಂಡೆ. ನನ್ನ ತರಗತಿಯ ಮಕ್ಕಳು ಹೀಗೆ ಬರೆದರೆ ಸೊನ್ನೆ ಹಾಕುತ್ತಿದ್ದೆ. ಆದರೂ ಎದೆ ಹಗುರಾಯಿತು. ನಾಚಿಕೆಯಿಂದ ಇದನ್ನು ಗಂಡನ ಹತ್ತಿರವೂ ಬಾಯಿಬಿಡಲಿಲ್ಲ.

ತಿಂಗಳು ಕಳೆದ ಮೇಲೆ ಮಾತಾಡಿಸಿಕೊಂಡು ಬರಲು ಅವರ ಹಟ್ಟಿಗೆ ಹೋದೆ. ಮಟಮಟ ಮಧ್ಯಾಹ್ನ. ರಂಗಮ್ಮ ಮಜ್ಜಿಗೆ ಕೊಟ್ಟಳು. ಅವರ ಮನೆಯಲ್ಲಿ ಮಗು ಹುಟ್ಟಿದರೆ ಅದರ ಹೆಸರಿಗೆ ಒಂದು ಹೆಣ್ಣುಮರಿ ಬಿಡುತ್ತಾರೆ. ಸಿದ್ದೇಶನ ಆ ಕುರಿ ಈದ ಮರಿಯನ್ನು ತಂದು ನನ್ನ ಮಡಿಲಿಗೆ ಹಾಕಿ, ಮಗಳಿಗೆ ಒಯ್ಯಿರಿ ಎಂದಳು. ನಾನು ಬೇಡವೆಂದೆ.

“ತಗಳ್ರಿ,” ಎಂದಳು. “ಮೊನ್ನೆ ಕನಸ್ನಾಗೆ ಬಂದಿದ್ದ. ‘ಟೀಚರಮ್ಮ ರೊಟ್ಟಿ ತಟ್ತಾ, ಆ ಕೆಲವ್ರ ಲೆಕ್ಕಕ್ಕೆ ನಾನು ಹೋದೆ, ಇನ್ನ ಅವ್ರ ಮಗ್ಳು ಪಾರು ಅಂತ ಅನ್ಕಂಡ್ರು. ಬೈಬ್ಯಾಡವ್ವ’ ಅಂದ. ನಾನ್ಯಾಕ್ರಿ ಬೈಲಿ? ನಿಮ್ಮ ಮಗ್ಳು ಹೋಗಿದ್ರೆ ನಾನೂ ಹಂಗೇ ಅನ್ಕಂತಿದ್ದೆ.”

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅವಳ ಮುಖ ನೋಡಲಾಗದೆ ಮರಿಯನ್ನು ಎತ್ತಿಕೊಂಡು ಬಂದೆ. ತಾಯಿಯ ಮನಸ್ಸನ್ನು ಇನ್ನೊಬ್ಬ ತಾಯಿ ಊಹಿಸಿರಬಹುದು. ರೊಟ್ಟಿ ತಟ್ಟುತ್ತಿದ್ದದ್ದು ಅವಳಿಗೆ ಹೇಗೆ ತಿಳಿಯಿತು? ಇವತ್ತಿಗೂ ನನಗೆ ಗೊತ್ತಿಲ್ಲ.

ಮಗಳ ತಪಾಸಣೆ ಆದಾಗಲೆಲ್ಲ ರಂಗಮ್ಮ ಫೋನ್ ಮಾಡಿ ವಿಚಾರಿಸುತ್ತಾಳೆ. ಎತ್ತುವ ಮೊದಲು, ಈಗ ನನ್ನ ಮನಸ್ಸಿನಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.